ಪಲ್ಪರಿನ ಶ್ರುತಿ

ಮೈಕ್‌ಸೆಟ್ ಬಾಡಿಗೆಗೆ ಕೊಡುವ ನನಗೂ ಎಲೆಕ್ಟ್ರಿಕ್ ಗಿಟಾರಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಕಳಸದ ಸುತ್ತಮುತ್ತ ಯಾವ ಕಾರ್ಯಕ್ರಮವಿರಲಿ, ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ 'ಗುಂಯ್' ಎಂದು ಮಾನ ಕಳೆಯುವುದು ಅದೊಂದೇ. ಗಿಟಾರಿನವನು ಹಾಯಾಗಿ ನಿಂತಿರುತ್ತಾನೆ, ಜನ ತಿರುಗಿ ದುರುಗುಟ್ಟುವುದು ನನ್ನನ್ನು.

ಹಾಗಿದ್ದೂ ಕುದುರೆಮುಖದ ಸೋಮಶೇಖರಪ್ಪನವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಗಣಿ ಕಂಪನಿಯಲ್ಲಿ ಫಿಟ್ಟರ್, ಭಾನುವಾರ ಬಂತೆಂದರೆ ಗಿಟಾರ್ ಮೇಷ್ಟ್ರು. ಪಾಠಕ್ಕೆ ಮೊದಲು ಕ್ಯಾಸೆಟ್ ಹಾಕುವರು.

"ಇದು ಅಮೆರಿಕದ ಗಿಟಾರಿನವ್ರು, ಬಿ.ಬಿ. ಕಿಂಗ್. ಬೇರೆಯವ್ರು ನೂರು ಸ್ವರ ಬಾರ್ಸೋ ಕಡೆ ಒಂದೇ ಸ್ವರ ಎಳೀತಾರೆ, ಕರುಳು ಹಿಂಡ್ತದೆ. ಇದು ಹೆಂಡ್ರಿಕ್ಸ್. ನಮ್ಮ ವಿಷ್ಣುಮೂರ್ತಿ ಹೆದರಿ ಓಡ್ತಾನಲ್ಲ, ಆ ಸ್ಪೀಕರ್ ಕೂಗು, ಅದನ್ನೇ ಹಾಡು ಮಾಡಿದ ಪುಣ್ಯಾತ್ಮ!"

ವಿಷ್ಣುಮೂರ್ತಿ ಎಂದರೆ ನಾನೇ. ಶಿಷ್ಯರೆಲ್ಲ ನಗುತ್ತಿದ್ದರು.

ಮೇಷ್ಟ್ರು ಯಾರನ್ನೂ ಬೈದವರಲ್ಲ. ಶಿಷ್ಯರು ತಪ್ಪಿದರೆ ಸುಮ್ಮನೆ ಎದ್ದು ಹೋಗಿ ಆಂಪ್ಲಿಫೈಯರಿನ ಸದ್ದು ಇಳಿಸಿಬಿಡುವರು. ಕಳಸದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಸ್ವಾತಿ ವರ್ಷಗಟ್ಟಲೆ ಕಲಿತಿದ್ದಳು. ಆದರೂ ಮೇಷ್ಟ್ರ ಕೈ ಬಂದು ಸದ್ದು ಇಳಿಸುವ ಮೊದಲು ಒಂದು ಹಾಡನ್ನೂ ಪೂರ್ತಿ ಮುಗಿಸಿರಲಿಲ್ಲ.

ಆಮೇಲೆ ಗಣಿಯೇ ನಿಂತಿತು. ೨೦೦೬ರ ಜನವರಿಯಲ್ಲಿ ಮೇಷ್ಟ್ರು ತಮ್ಮ ಊರು ದಾವಣಗೆರೆಗೆ ಹೊರಟರು. ಬೀಳ್ಕೊಡುಗೆಯ ಮಧ್ಯಾಹ್ನ ಸ್ವಾತಿ ನನ್ನ ಹತ್ತಿರ ಬಂದು, "ವಿಷ್ಣಣ್ಣ, ಇವತ್ತೊಂದಿನ ನಾ ಬಾರ್ಸೋವಾಗ ಅವ್ರು ಎದ್ದು ಬರ್ದೇ ಇದ್ರೆ ಸಾಕು ನಂಗೆ" ಎಂದಳು.

ಕರೆಂಟಿಗೆ ಅದು ಕೇಳಿಸಿತೋ ಏನೋ, ಆಗಲೇ ಹೋಯಿತು. ನನ್ನ ಜನರೇಟರೂ ಕೈಕೊಟ್ಟಿತು. ಪಕ್ಕದ ಕಾಫಿ ಎಸ್ಟೇಟಿನ ಪರಮೇಶ್ವರಪ್ಪನವರಲ್ಲಿಗೆ ಓಡಿದೆ.

"ಜನರೇಟರ್ ನಿಂಗೆ ಕೊಟ್ರೆ ಪಲ್ಪರ್ ಹೆಂಗೆ ಓಡ್ಸ್ಲಿ ಮಾರಾಯ? ಇವತ್ತು ಕುಯ್ದ ಹಣ್ಣಿಗೆ ಇವತ್ತೇ ಸಿಪ್ಪೆ ಬಿಡಿಸ್ಬೇಕು. ಬೇಕಾದ್ರೆ ಎಲ್ರನ್ನೂ ಕಣಕ್ಕೇ ಕರ್ಕೊಂಡ್ ಬಾ" ಎಂದರು.

ಹಾಗೆ ಕಾಫಿ ಕಣದಲ್ಲೇ ಸಭೆ ಸೇರಿತು. ಒಂದು ಕಡೆ ಕಡಕಡ ಎನ್ನುವ ಪಲ್ಪರ್, ಇನ್ನೊಂದು ಕಡೆ ಹೊಸ ಶಾಲು, ಹಾರ ಹಾಕಿಕೊಂಡ ಮೇಷ್ಟ್ರು. ಆಂಪ್ಲಿಫೈಯರನ್ನೂ ಅದೇ ಜನರೇಟರಿಗೆ ಜೋಡಿಸಿದೆ. ಜೋಡಿಸಿದ್ದೇ ತಡ, 'ಗುಂಯ್' ಶುರುವಾಯಿತು. ನಾನು ಶಾಪ ಹಾಕುತ್ತಾ ಒಂದೊಂದೇ ವೈರ್ ಎಳೆದು ನೋಡಿದೆ. ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

"ಬಿಡಿ ವಿಷ್ಣಣ್ಣ, ತಂಬೂರಿ ಅಂದ್ಕೊಳ್ಳಿ" ಎಂದ ಸ್ವಾತಿ, ಆರೂ ತಂತಿಗಳನ್ನು ಆ ಗುಂಯ್‌ಗೆ ಹೊಂದಿಸಿ ಬಾರಿಸತೊಡಗಿದಳು. ಜೀವಮಾನವಿಡೀ ನಾನು ಅಟ್ಟಿಸಿಕೊಂಡು ಹೋದ ಸದ್ದು ಅವಳ ಹಾಡಿನ ಕೆಳಗೆ ಶ್ರುತಿಯಾಗಿ ತಣ್ಣಗೆ ಕೂತಿತ್ತು. ನನಗೆ ರೋಮಾಂಚನವಾಯಿತು, ಹೊಟ್ಟೆಕಿಚ್ಚೂ ಆಯಿತು.

ಹಾಡು ಅರ್ಧ ದಾಟಿತ್ತು. ಅಷ್ಟರಲ್ಲಿ ಪಲ್ಪರಿನ ಬಾಯಲ್ಲಿದ್ದ ಹಣ್ಣು ಮುಗಿಯಿತು. ಕೆಲಸದವರೆಲ್ಲ ಹಾಡು ಕೇಳುತ್ತಾ ಮೈಮರೆತಿದ್ದರು. ಭಾರ ಇಳಿದದ್ದೇ ಜನರೇಟರ್ ಜೋರಾಗಿ ಓಡಿತು, ಗುಂಯ್ ಮೇಲಕ್ಕೇರಿತು. ಶ್ರುತಿ ಒಂದು ಕಡೆ, ತಂತಿ ಇನ್ನೊಂದು ಕಡೆ. ಸ್ವಾತಿ ತಂತಿ ಎಳೆದೆಳೆದು ಬೆವರಿದಳು.

ಮೇಷ್ಟ್ರು ಎದ್ದರು.

ಅವಳ ಮುಖ ಸಣ್ಣಗಾಯಿತು. ಹೋಗುವ ದಿನವಾದರೂ ಸುಮ್ಮನೆ ಕೂರಬಾರದೇ ಈ ಮನುಷ್ಯ ಎಂದು ನನಗೂ ರೇಗಿತು. ಅವರು ಆಂಪ್ಲಿಫೈಯರಿನ ಹತ್ತಿರ ಬಂದರು. ಅದನ್ನು ದಾಟಿ ಮುಂದೆ ಹೋದರು. ಹೋದವರೇ ಕಾಫಿ ಹಣ್ಣಿನ ಬುಟ್ಟಿಯೊಂದನ್ನು ಎತ್ತಿ ಪಲ್ಪರಿಗೆ ಸುರಿದರು.

ಜನರೇಟರ್ ಒಮ್ಮೆ ತಿಣುಕಿತು. ಗುಂಯ್ ತನ್ನ ಜಾಗಕ್ಕೆ ಇಳಿದು ಬಂತು.

"ನೀ ಬಾರ್ಸು!" ಎಂದು ಕೂಗುತ್ತಾ ಮೇಷ್ಟ್ರು ಇನ್ನೊಂದು ಬುಟ್ಟಿ ಎತ್ತಿದರು. ಹಾರ ಹರಿಯಿತು, ಶಾಲಿನ ತುಂಬ ಹಣ್ಣಿನ ರಸ. ಪರಮೇಶ್ವರಪ್ಪನವರೂ ಪಂಚೆ ಎತ್ತಿ ಕಟ್ಟಿ ಬುಟ್ಟಿಗೆ ಕೈಹಾಕಿದರು. ಸ್ವಾತಿ ಅಳುತ್ತಾ ನಗುತ್ತಾ ಹಾಡನ್ನು ಕೊನೆಮುಟ್ಟಿಸಿದಳು. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

"ಸರ್, ಸರಿ ಬಂತಾ?" ಎಂದು ಕೇಳಿದಳು.

ಮೇಷ್ಟ್ರು ಏದುಸಿರು ಬಿಡುತ್ತಾ ಶಾಲಿಗೆ ಅಂಟಿದ್ದ ಸಿಪ್ಪೆ ಕೊಡವಿದರು.

"ಸದ್ದು ಇಳ್ಸಕ್ಕೆ ನನ್ ಕೈ ಎಲ್ಲಿ ಖಾಲಿ ಇತ್ತು ಮಾರಾಯ್ತಿ!"