ಆಮೆಚಿಪ್ಪು ಕಟ್ಟಿದವಳ ಹಿಂದೆ

ಟಿಶೊಮಿಂಗೊದ ಹಬ್ಬದ ಬಯಲಲ್ಲಿ, ಅಷ್ಟು ಹೆಂಗಸರ ಎದುರಿಗೇ, ಓಲೀಟಾ ತಾನು ಗೆಜ್ಜೆಯಂತೆ ಕಟ್ಟಿ ಕುಣಿಯುತ್ತಿದ್ದ ಆಮೆಚಿಪ್ಪುಗಳನ್ನು ಮಗನ ಮಗಳು ಕಾರ್ಲೀನಳ ಕಾಲಿಗೆ ಕಟ್ಟಿದಳು. ಮಗಳು ಇಮೋಜೀನ್ ಪಶೋಫಾ ಎಂಬ ಮೆಕ್ಕೆಜೋಳದ ಗಂಜಿ ತುಂಬಿದ ಬಟ್ಟಲು ಹಿಡಿದು ನೋಡುತ್ತಲೇ ನಿಂತಳು. ಹೊಟ್ಟೆ ಧಗಧಗ ಉರಿಯಿತು. ಉರಿಯದೆ ಇರುತ್ತದೆಯೇ?

ಕುಣಿತದಲ್ಲಿ ಗಂಡಸರು ಹಾಡಿದರೆ, ತಾಳ ಹೆಂಗಸರ ಕಾಲಿನದು. ಹಾಡುಗಾರನ ಬೆನ್ನಿಗೇ ಹೆಜ್ಜೆ ಹಾಕುವವಳೇ ದೊಡ್ಡವಳು. ಐವತ್ತು ವರ್ಷ ಅದು ಓಲೀಟಾಳ ಜಾಗ. ಅವಳ ಹಿಂದೆ, ಕಲ್ಲುಹರಳು ತುಂಬಿದ ಹಾಲಿನ ಡಬ್ಬಿಗಳನ್ನು ಕಟ್ಟಿಕೊಂಡು, ಮೂವತ್ತು ವರ್ಷ ಇಮೋಜೀನ್. ಓಲೀಟಾಳ ಚಿಪ್ಪುಗಳೋ, ಮಿಸಿಸಿಪ್ಪಿಯ ನೆಲದಿಂದ ಸರ್ಕಾರ ನಮ್ಮ ಚಿಕಸಾ ಬುಡಕಟ್ಟಿನ ಜನರನ್ನು ಎಬ್ಬಿಸಿ ಇಲ್ಲಿಗೆ ಅಟ್ಟಿದಾಗ ಮುತ್ತಜ್ಜಿಯೊಬ್ಬಳು ಪಾತ್ರೆಪಗಡವನ್ನೆಲ್ಲ ಬಿಟ್ಟು ಹೊತ್ತು ತಂದವಂತೆ. ಈಗ ಅಮ್ಮನ ಮಂಡಿ ಹೋಗಿದೆ. ಸಂಜೆ, ನಮ್ಮ ಜನರ ಹೆಸರಾಂತ ಹೆಂಗಸರ ಸಾಲಿನಲ್ಲಿ ಅವಳಿಗೆ ಸನ್ಮಾನ ಬೇರೆ.

"ಏನೇ, ಗಂಜಿ ಗಂಟಲಲ್ಲಿ ಇಳೀತಿಲ್ವಾ?" ಎಂದು ಪಕ್ಕದಲ್ಲಿದ್ದ ವೈನೋನಾ ಚುಚ್ಚಿದಳು.

"ಬಾಯ್ಮುಚ್ಚು," ಎಂದು ಇಮೋಜೀನ್ ನೇರ ಅಮ್ಮನ ಮುಂದೆ ಹೋಗಿ ನಿಂತಳು. "ಅಮ್ಮ, ನಾನೇನು ಸತ್ತೋದ್ನಾ? ಇವಳು ತಮ್ಮನ ಮಗಳು. ಕುಲ ತಾಯಿಂದ ಬರೋದು; ಇವಳದು ಇವಳಮ್ಮನ ಕುಲ, ನಮ್ಮದಲ್ಲ. ಹೊಟ್ಟೇಲಿ ಹುಟ್ಟಿದ ಮಗಳು ಕಣ್ಣಿಗೆ ಕಾಣ್ಲಿಲ್ವಾ ನಿನಗೆ?"

ಓಲೀಟಾ ಅವಳ ತುಟಿಗಳನ್ನೇ ದಿಟ್ಟಿಸಿ ನೋಡಿದಳು. "ಹುಡುಗಿ ಕಾಲಲ್ಲಿ ಕಸುವಿದೆ. ನೀನು ಹಿಂದೆ ನಿಂತ್ಕೋ, ಯಾವಾಗ್ಲೂ ನಿಂತ ಹಾಗೆ."

ಯಾವಾಗಲೂ ನಿಂತ ಹಾಗೆ! ಇಮೋಜೀನ್ ಹಲ್ಲು ಕಚ್ಚಿ ಡಬ್ಬಿಗಳನ್ನು ಬಿಗಿದುಕೊಂಡಳು. ಕುಣಿತ ಶುರುವಾಯಿತು. ಎರಡು ಸುತ್ತು ಚೆನ್ನಾಗಿಯೇ ಹೋಯಿತು, ಜನ ಕಾರ್ಲೀನಳನ್ನೇ ನೋಡುತ್ತಿದ್ದರು. ಅದನ್ನು ತಡೆಯಲಾಗದೆ ಮೂರನೆಯ ಸುತ್ತಿನಲ್ಲಿ ಇಮೋಜೀನ್ ಬೇಕೆಂದೇ ಹಾಡಿಗಿಂತ ಅರ್ಧ ಹೆಜ್ಜೆ ತಡವಾಗಿ ಎಳೆದಳು. ಹುಡುಗಿ ಗಲಿಬಿಲಿಗೊಳ್ಳಲಿ, ಎಲ್ಲರೆದುರು ಮರ್ಯಾದೆ ಹೋಗಲಿ ಎಂಬುದೇ ಅವಳ ಆಸೆ.

ಕಾರ್ಲೀನ್ ಗಲಿಬಿಲಿಗೊಳ್ಳಲಿಲ್ಲ. ಅವಳೂ ಅರ್ಧ ಹೆಜ್ಜೆ ಎಳೆದಳು. ಹಿಂದಿನವರೂ ಎಳೆದರು. ಹಾಡು ಒಂದು ಕಡೆ, ತಾಳ ಒಂದು ಕಡೆ. ಹಾಡುಗಾರ ನಡುವೆಯೇ ನಿಲ್ಲಿಸಿ ತಿರುಗಿ ನೋಡಿದ. ಇಂಥದ್ದು ಆ ಬಯಲಲ್ಲಿ ಎಂದೂ ಆಗಿರಲಿಲ್ಲ.

"ಏನಾಯ್ತು ಅತ್ತೆ? ಅಜ್ಜಿ ನನಗೆ, ಹಾಡಿಗೆ ಕಿವಿ ಕೊಡ್ಬೇಡ, ಅತ್ತೆ ಡಬ್ಬಿ ಸದ್ದು ಹಿಡ್ಕೊಂಡು ಹೋಗು ಅಂದಿದ್ರು," ಎಂದಳು ಕಾರ್ಲೀನ್, ಏದುಸಿರು ಬಿಡುತ್ತಾ.

ಇಮೋಜೀನ್ ದಡದಡನೆ ಅಮ್ಮನ ಹತ್ತಿರ ಹೋದಳು. "ಏನು ಹೇಳಿಕೊಟ್ಟಿದ್ದೀಯ ಅವಳಿಗೆ?"

ಓಲೀಟಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಹನ್ನೆರಡು ವರ್ಷ ಆಯ್ತು ಕಣೇ, ನನಗೆ ಹಾಡು ಕೇಳ್ಸಲ್ಲ. ಬೆನ್ನ ಹಿಂದೆ ನಿನ್ನ ಹೆಜ್ಜೆ ನೆಲದಲ್ಲಿ ಅದರ್ತಿತ್ತು, ಅದನ್ನೇ ಹಿಡ್ಕೊಂಡು ಕುಣಿದೆ, ಅವಳಿಗೂ ಅದನ್ನೇ ಹೇಳ್ಕೊಟ್ಟೆ."

"ಹಾಗಾದ್ರೆ ನನ್ನನ್ಯಾಕೆ ಮುಂದೆ ಬಿಡ್ಲಿಲ್ಲ?"

"ನೀನು ಮುಂದೆ ಹೋಗಿದ್ರೆ, ನನಗಿಂತ ನೀನೇ ಮೇಲು ಅಂತ ಒಂದೇ ಸುತ್ತಿಗೆ ಎಲ್ಲರಿಗೂ ಗೊತ್ತಾಗ್ತಿತ್ತು." ಮುದುಕಿ ಮಗಳ ತೋಳು ಹಿಡಿದಳು. "ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಸಂಜೆ ನನ್ನ ಹೆಸರು ಕರೆಯೋವರ್ಗೂ ಹಿಂದೆ ಇರು. ಆಮೇಲೆ ಚಿಪ್ಪೂ ನಿಂದೇ, ಜಾಗಾನೂ ನಿಂದೇ."

ಹಾಡುಗಾರ ಮತ್ತೆ ಕೂಗಿ ಕರೆದ. ಅಮ್ಮ ಅವಳ ತೋಳು ಹಿಡಿದುಕೊಂಡಿದ್ದಳು, ಕಣ್ಣಲ್ಲಿ ಹೆದರಿಕೆ ಇತ್ತು. ಇಮೋಜೀನಳಿಗೆ ಕರುಣೆ ಬರಬೇಕಿತ್ತು. ನಿಜ ಹೇಳಬೇಕೆಂದರೆ, ಬರಲಿಲ್ಲ. ಅಮ್ಮ, ಇಷ್ಟು ಹೆಸರಿನ ಓಲೀಟಾ, ತನ್ನನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದಾಳೆ! ಹುಟ್ಟಿದಾಗಿನಿಂದ ಯಾರೂ ಅವಳಿಗೆ ಇಷ್ಟು ದೊಡ್ಡ ಹೊಗಳಿಕೆಯ ಮಾತು ಹೇಳಿರಲಿಲ್ಲ.

"ಆಯ್ತು ಬಿಡು," ಎಂದು ತೋಳು ಬಿಡಿಸಿಕೊಂಡು ಹೋಗಿ ಅವಳು ಕಾರ್ಲೀನಳ ಹಿಂದೆ ನಿಂತಳು. ಆ ಸಂಜೆಯವರೆಗೂ ಅವಳ ಹೆಜ್ಜೆ ಒಂದೂ ತಪ್ಪಲಿಲ್ಲ.