ಮೊಹೂಶ್ ತೋರಿಸಿದ ಹಾದಿ

ಕತ್ತೆಯ ಮೇಲೆ ಕೂತಿದ್ದ ಮುದುಕ ಕೈ ಎತ್ತಿದ, ಕಾರು ಓಡಿಸುತ್ತಿದ್ದ ಮೊಹೂಶ್ ಎತ್ತಲಿಲ್ಲ, ಮೂವತ್ತೊಂದು ವರ್ಷ ಇದೇ ಅಟ್ಲಾಸ್ ಬೆಟ್ಟಗಳಲ್ಲಿ ಬಸ್ಸು ಓಡಿಸಿದ ಗಂಡ, ಎದುರು ಬಂದವರಿಗೆ ಸ್ಟಿಯರಿಂಗಿನಿಂದ ಎರಡು ಬೆರಳೆತ್ತಿ ಸಲಾಂ ಹೇಳದೆ ಮುಂದೆ ಹೋದವನೇ ಅಲ್ಲ—ಏನೋ ಯೋಚನೆಯಲ್ಲಿರಬೇಕು, ಪಕ್ಕದ ಸೀಟಿನಲ್ಲಿದ್ದ ತೂದಾ ಅಂದುಕೊಂಡಳು, ಆದರೆ ನಿನ್ನೆ ಅಗೂದಾಲ್ ಊರಿನಲ್ಲಿ ಅವನು ಚಹಾ ಸುರಿದಾಗ ಧಾರೆ ಲೋಟದ ಪಕ್ಕಕ್ಕೆ ಬಿತ್ತು, ಪುದೀನ ಎಲೆಗಳೆಲ್ಲ ತಟ್ಟೆಗೆ, ಕೈ ನಡುಗ್ತು ಕಣೇ, ವಯಸ್ಸಾಯ್ತಲ್ಲ, ಎಂದು ನಕ್ಕಿದ್ದ, ಅವಳೂ ನಕ್ಕಿದ್ದಳು, ಯಾಕೆ ನಕ್ಕೆ, ಕೈ ನಡುಗಿರಲೇ ಇಲ್ಲ, ಧಾರೆ ದಾರದಷ್ಟು ನೇರವಾಗಿತ್ತು, ಬಿದ್ದದ್ದು ಲೋಟ ಇದ್ದ ಕಡೆಗಲ್ಲ, ಅಷ್ಟೆ. ಮನೆ ಬಿಟ್ಟು ಇವತ್ತಿಗೆ ಐದು ದಿನ, ಒಂದು ವಾರ ನನ್ ಜೊತೆ ಬಾ, ನನ್ ಹಾದಿ ಪೂರ್ತಿ ತೋರಿಸ್ತೀನಿ, ಮಕ್ಕಳು ಮಕ್ಕಳು ಅಂತ ಒಂದ್ಸಲಾನೂ ಬರ್ಲಿಲ್ಲ ನೀನು, ಈ ಬೇಸಿಗೇಲೇ ಆಗ್ಬೇಕು, ಅಂದಿದ್ದ—ಯಾಕೆ, ಮುಂದಿನ್ ವರ್ಷ ಬೆಟ್ಟ ಓಡಿಹೋಗತ್ತಾ, ಎಂದು ಅವಳು ಕೇಳಿದಾಗ ಅವನು ಮನೆಗೆ ಬೀಗ ಹಾಕಿದ್ದ, ಅದಕ್ಕೂ ಮುಂಚೆ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಕಣ್ಣಾಸ್ಪತ್ರೆಯ ಚೀಟಿ, ಕನ್ನಡಕದ್ದಿರಬೇಕು ಎಂದು ನೋಡದೆ ಬಿಟ್ಟಿದ್ದಳು, ನೀರಿನಲ್ಲಿ ಕರಗಿಹೋಗಿತ್ತು.

ಈಗ ಹಾದಿ ಒಂದು ಬಸ್ಸಿನಷ್ಟೇ ಅಗಲ, ಎಡಕ್ಕೆ ಗೋಡೆಯಂಥ ಬೆಟ್ಟ, ಬಲಕ್ಕೆ ಏನೂ ಇಲ್ಲ, ಎಷ್ಟೋ ಕೆಳಗೆ ಹೊಳೆ, ಮೊಹೂಶ್ ತುಟಿಯೊಳಗೇ ಲೆಕ್ಕ ಹಾಕುತ್ತಿದ್ದಾನೆ, ಹದಿನಾಲ್ಕು, ಹದಿನೈದು, ತಿರುವುಗಳನ್ನು ಎಣಿಸುತ್ತಿದ್ದಾನೆಯೇ, ನೋಡುವವನು ಎಣಿಸುವುದೇಕೆ, ಅಲ್ನೋಡಿ, ಬಿಳಿ ಕುದುರೆ, ಎಷ್ಟು ಚೆನ್ನಾಗಿದೆ, ಎಂದಳು, ಎದುರಿನ ಇಳಿಜಾರಿನಲ್ಲಿ ಬರೀ ಕಲ್ಲು. ಹೂಂ, ಚೆನ್ನಾಗಿದೆ, ಎಂದ ಮೊಹೂಶ್, ಯಾರೋ ಸಾಹುಕಾರರದ್ದಿರ್ಬೇಕು, ಬಾಲ ನೋಡು ಹೇಗಿದೆ.

ನಿಲ್ಲಿಸಿ, ಎಂದಳು. ಇಲ್ಲಿ ನಿಲ್ಸಕ್ಕಾಗಲ್ಲ, ಹಿಂದಿಂದ ಲಾರಿ ಬಂದ್ರೆ ಇಬ್ರೂ ಹೊಳೆಗೇ. ಕುದುರೆ ಇಲ್ಲ ಅಲ್ಲಿ, ಕುದುರೆ ಇರ್ಲಿಲ್ಲ. ಅವನು ಗೇರು ಇಳಿಸಿದ—ಪಕ್ಕದಲ್ಲಿ ಸ್ವಲ್ಪ ಕಾಣತ್ತೆ, ನಡೂಮಧ್ಯ ಹೊಗೆ, ಇಷ್ಟಾದ್ರೂ ಕಾಣೋದು ಚಳಿಗಾಲದವರೆಗೆ ಅಂದ್ರು ಡಾಕ್ಟ್ರು, ಅಷ್ಟ್ರೊಳಗೆ ನಿನ್ನ ಈ ಹಾದೀಲಿ ಒಂದ್ಸಲ ನೋಡ್ಬೇಕಿತ್ತು, ಹೆದರ್ಬೇಡ, ತಿರುವೆಲ್ಲ ನನ್ ಕೈಗೆ ಗೊತ್ತು. ಅವನ ಕೆನ್ನೆಗೆ ಹೊಡೆಯಬೇಕು, ಅದೇ ಕೆನ್ನೆ ಹಿಡಿದು ಅಳಬೇಕು, ಎರಡಕ್ಕೂ ಪುರುಸೊತ್ತಿಲ್ಲ, ಎಡಕ್ಕೆ, ಇನ್ನೂ ಎಡಕ್ಕೆ, ನಿಧಾನ, ಕಲ್ಲಿದೆ, ಅವಳ ಬಾಯಿ ಅವನ ಕಣ್ಣಾಯಿತು, ಇಪ್ಪತ್ತು, ಇಪ್ಪತ್ತೊಂದು, ಎನ್ನುತ್ತಾನೆ ಅವನು, ಇಪ್ಪತ್ತೆರಡು ಸುಲಭ ಕಣೇ, ಅಗಲ ಇದೆ—ಅಗಲವೆಲ್ಲಿ, ವಸಂತದ ಪ್ರವಾಹ ಕಚ್ಚಿಕೊಂಡು ಹೋದ ಅರ್ಧ ರಸ್ತೆ, ಉಳಿದರ್ಧದಲ್ಲಿ ಬೆನ್ನ ತುಂಬ ಹಸಿಹುಲ್ಲು ಹೊತ್ತ ಒಬ್ಬ ಹೆಂಗಸು, ಹುಲ್ಲಿನಡಿ ಬಗ್ಗಿದ ತಲೆ, ನಿಲ್ಸೀ ಎಂದು ತೂದಾ ಚೀರಿದಳೋ ಇಲ್ಲವೋ, ಕೈ ಮಾತ್ರ ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕನ್ನು ಹಿಡಿದು ಮೇಲಕ್ಕೆ ಜಗ್ಗಿತು, ಜಲ್ಲಿ, ಧೂಳು, ಕಾರು ಅಡ್ಡಡ್ಡ ಜಾರಿತು, ಜಾರಿತು, ನಿಂತಿತು.

ಕೀಲಿ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು, ಇನ್ನು ಇದು ಇವನ ಕೈಗಿಲ್ಲ, ನಡೆದೇ ಇಳಿಯೋಣ, ಕೈ ಹಿಡಿದು ಇಳಿಸುತ್ತೇನೆ, ಯಾರೇ ಅದು, ಯಾರಿಗಾದ್ರೂ ಏನಾದ್ರೂ ಆಯ್ತಾ, ಮಾತಾಡೇ, ಎನ್ನುತ್ತ ಮೊಹೂಶ್ ಗಾಳಿಯಲ್ಲಿ ಅವಳ ತೋಳು ತಡಕುತ್ತಿದ್ದಾನೆ, ಏನೂ ಆಗಿಲ್ಲ, ಎನ್ನಬೇಕು, ಹೆಂಗಸು ನಿಂತೇ ಇದ್ದಾಳೆ, ಬೆನ್ನ ಹಿಂದೆ ರಸ್ತೆಯ ಅಂಚು, ಎನ್ನಬೇಕು, ಧೂಳು ಇಳಿಯುತ್ತಿದೆ, ಬಾನೆಟ್ಟಿನ ಮೇಲೆ ಆ ಹೆಂಗಸಿನ ಅಂಗೈ, ಮದರಂಗಿ ಮಾಸಿದ ಐದು ಬೆರಳು, ಕಾರನ್ನು ತಡೆದು ನಿಲ್ಲಿಸಿದ್ದು ತಾನೇ ಎಂಬಂತೆ ಒತ್ತಿ ಹಿಡಿದ ಅಂಗೈ, ಕಾದ ತಗಡು ಸುಡುತ್ತಿರಬೇಕು, ಎತ್ತುತ್ತಿಲ್ಲ, ಎತ್ತು ತಾಯೀ, ಎತ್ತು, ಕಾರು ಇನ್ನು ಕದಲುವುದಿಲ್ಲ, ಕೀಲಿ ನನ್ನ ಮುಷ್ಟಿಯಲ್ಲಿದೆ, ಆ ಅಂಗೈ ಎತ್ತು.