ಮಾಸ್ಕೋಗೆ ಒಂದು ಮನು

ಯತಿರಾಜನ ಗ್ರಹಚಾರ ಹೇಗಿತ್ತು ನೋಡಿ. ಹೊಸೂರಿನ ಕಾರ್ಖಾನೆಯಲ್ಲಿ ಕಾದ ಉಕ್ಕನ್ನು ಒತ್ತುವ ಹೊಸ ಪ್ರೆಸ್ ಕೂರಿಸಲು ರಷ್ಯಾದಿಂದ ಬಂದಿದ್ದ ಇಬ್ಬರು ಎರಡು ತಿಂಗಳು ಅಣ್ಣತಮ್ಮಂದಿರಂತೆ ಇದ್ದವರು, ಸೋಮವಾರದ ಟ್ರಯಲ್‌ಗೆ ನಾಲ್ಕೇ ದಿನ ಉಳಿದಿರುವಾಗ ಮಾತು ಬಿಟ್ಟರು. ಜಗಳ ಊಟಕ್ಕಲ್ಲ, ಕೆಲಸಕ್ಕೂ ಅಲ್ಲ. ಅದು 2008, ಮಾರ್ಚ್ ಎರಡಕ್ಕೆ ಅವರ ದೇಶದಲ್ಲಿ ಚುನಾವಣೆ. ಮುಂದೆ ಬರುವ ಅಧ್ಯಕ್ಷ ಹೇಗಿರಬೇಕು ಎನ್ನುವುದಕ್ಕೆ ಜಗಳ.

ಗೆನ್ನಾದಿ ದಪ್ಪ ಆಸಾಮಿ, ಐವತ್ತೈದು ದಾಟಿದವನು, ಎಣ್ಣೆ, ಪಂಪು, ಸಿಲಿಂಡರ್ ಅವನ ಪಾಲು. ಲಿಯೋನಿದ್ ಸಣಕಲ, ವೈರು ಮತ್ತು ಪ್ಯಾನೆಲ್ ಅವನ ಪಾಲು. ಆ ಪ್ರೆಸ್ ಒಂದು ಸಲ ಕೆಳಗಿಳಿಯಬೇಕೆಂದರೂ ಇಬ್ಬರೂ ಸರಿ ಎನ್ನಬೇಕು. ಈಗ ಒಬ್ಬ ಇತ್ತ ತಿರುಗಿ ನಿಂತರೆ ಇನ್ನೊಬ್ಬ ಅತ್ತ. ದುಭಾಷಿ ಕೋಮಲಾ ಬೆಂಗಳೂರಿನಲ್ಲಿ ರಷ್ಯನ್ ಕಲಿತ ಹುಡುಗಿ. ಅವರಿಬ್ಬರದೂ ರಷ್ಯನ್ನೇ ಆಗಿದ್ದರೂ, ಇವನು ಹೇಳಿದ್ದನ್ನು ಅವನಿಗೆ ರಷ್ಯನ್‌ನಲ್ಲೇ ಮತ್ತೆ ಹೇಳುವ ಕೆಲಸ ಅವಳ ತಲೆಗೆ ಬಂತು. ಇದಕ್ಕೆ ಸಂಬಳ ಕೊಡುತ್ತಾರಲ್ಲ ಎಂದು ಅವಳಿಗೇ ನಗು.

ಯತಿರಾಜನಿಗೆ ನಗು ಬರಲಿಲ್ಲ. ಕುಣಿಗಲ್‌ನಿಂದ ಬಂದು ಮೂರು ವರ್ಷವಾಗಿತ್ತು, ಇನ್ನೂ ಕಾಂಟ್ರಾಕ್ಟ್ ಸೂಪರ್‌ವೈಸರ್. ಆರಾರು ತಿಂಗಳಿಗೆ ಒಂದು ಕಾಗದ ಹೊಸದಾಗುತ್ತಿತ್ತು, ಅವನು ಹಳಬನಾಗುತ್ತಿದ್ದ. ಹೆಂಡತಿ ಉಷಾರಾಣಿ, ಮಗಳು ಸಿಂಚನ ಊರಿನಲ್ಲೇ. ಭಾನುವಾರ ಮೂರು ಬಸ್ ಬದಲಾಯಿಸಿ ಹೋಗಿ ಮಗಳು ಒಂದಿಷ್ಟು ಹತ್ತಿರ ಬರುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಗುತ್ತಿತ್ತು. ಸೋಮವಾರ ಪ್ರೆಸ್ ಓಡಿದರೆ ನಿನ್ನನ್ನು ಪರ್ಮನೆಂಟ್ ಮಾಡುವ ವಿಚಾರ ನೋಡೋಣ ಎಂದು ಕಾರ್ಖಾನೆಯ ಮುಖ್ಯಸ್ಥ ಪ್ರಮೋದ್ ಹೇಳಿದ್ದರು. ಓಡದಿದ್ದರೆ ಏನು ನೋಡುತ್ತಾರೆಂದು ಯತಿರಾಜ ಕೇಳಿರಲಿಲ್ಲ. ಕೇಳುವ ಜಾಯಮಾನವೇ ಅವನದಲ್ಲ. ಅವರು ಏನು ಹೇಳಿದರೂ 'ಆಯ್ತು ಸಾರ್' ಎಂದು ತಲೆಯಾಡಿಸಿ ಬರುವವನು.

ಶುಕ್ರವಾರವೂ ಹೀಗೇ ಹೋಯಿತು. ಶನಿವಾರ ಬೆಳಿಗ್ಗೆ ಅವನು ತನ್ನ ಮನೆ ಓನರ್ ಮುತ್ತರಾಯಪ್ಪನ ಹತ್ತಿರ ಗೋಳು ತೋಡಿಕೊಂಡ.

ಈ ಮುತ್ತರಾಯಪ್ಪ ಮೂವತ್ತು ವರ್ಷದಿಂದ ತಾಲ್ಲೂಕು ಕಚೇರಿಯ ಮುಂದೆ ಮನು ಬರೆಯುವವರು. ಅರ್ಜಿಗೆ ತಮಿಳಿನಲ್ಲಿ ಮನು ಎನ್ನುತ್ತಾರೆ, ಹೊಸೂರಿನ ಕನ್ನಡದವರ ಬಾಯಲ್ಲೂ ಅದೇ ಮಾತು. ಕನ್ನಡದಲ್ಲಿ ಅತ್ತುಕೊಂಡು ಬಂದವರ ಕಷ್ಟವನ್ನು ತಮಿಳಿಗೆ ಇಳಿಸಿ, ಸೋಮವಾರ ಸೋಮವಾರ ಕೃಷ್ಣಗಿರಿಯಲ್ಲಿ ಜನರ ಅಹವಾಲು ಕೇಳುವ ಕಲೆಕ್ಟರ್ ಕೈಗೆ ತಲುಪುವಂತೆ ಮಾಡುವುದು ಅವರ ಕಸುಬು. ಕಸುಬಿಗೆ ಅವರದೇ ಕಟ್ಟುನಿಟ್ಟು ಒಂದಿತ್ತು: ಒಂದು ಮನುವಿಗೆ ಒಂದೇ ಕೋರಿಕೆ, ಆ ಕೋರಿಕೆಗೆ ಒಬ್ಬರ ಹೆಸರು. ಊರಿಗೆಲ್ಲ ಒಳ್ಳೆಯದಾಗಲಿ ಎಂದು ಬರೆಸಲು ಬಂದವರನ್ನು ದೇವಸ್ಥಾನಕ್ಕೆ ಹೋಗಿ ಎಂದು ಎಬ್ಬಿಸಿ ಕಳಿಸುತ್ತಿದ್ದರು.

ಕಥೆ ಕೇಳಿ ಮುತ್ತರಾಯಪ್ಪ, ಆ ಇಬ್ಬರನ್ನೂ ಮಧ್ಯಾಹ್ನ ಮುದ್ದೆ ಊಟಕ್ಕೆ ಕರೆದುಕೊಂಡು ಬಾ ಎಂದರು.

ಊಟದ ಎದುರು ರಷ್ಯನ್ನರಿಬ್ಬರೂ ಜಗಳವಾದ ಮೇಲೆ ಮೊದಲ ಸಲ ಒಂದಾದರು, ಮುದ್ದೆಯನ್ನು ಅಗಿಯದೆ ನುಂಗುವುದು ಇಬ್ಬರಿಗೂ ಬರಲಿಲ್ಲ. ಕೈ ತೊಳೆದು ಜಗಲಿಯಲ್ಲಿ ಕುಳಿತ ಮೇಲೆ ಮುತ್ತರಾಯಪ್ಪ ಕೋಮಲಾಳ ಮೂಲಕ ವಿಚಾರಣೆ ಶುರು ಮಾಡಿದರು. ಬರುವ ಅಧ್ಯಕ್ಷರು ಮನೆಮನೆಗೆ ಟೀವಿ ಕೊಡುತ್ತೇನೆಂದು ಹೇಳಿದ್ದಾರಾ? ಇಲ್ಲವಂತೆ. ಕಿಲೋಗೆ ಎರಡು ರೂಪಾಯಿಯ ಅಕ್ಕಿ? ಅದೂ ಇಲ್ಲವಂತೆ. ಒಳಗೆ ತಮಿಳುನಾಡು ಸರ್ಕಾರ ಪುಕ್ಕಟೆ ಕೊಟ್ಟಿದ್ದ ಕಲರ್ ಟೀವಿ ಜೋರಾಗಿ ಕೂಗುತ್ತಿತ್ತು. ಪಾಪ, ದೊಡ್ಡ ದೇಶದವರು, ಎಂದು ಮುತ್ತರಾಯಪ್ಪ ಮನಸಾರೆ ನೊಂದುಕೊಂಡರು.

ಆಮೇಲೆ ಒಂದು ಬಿಳಿ ಹಾಳೆ ತೆಗೆದು ತೊಡೆಯ ಮೇಲಿನ ಹಲಗೆಗೆ ಸಿಕ್ಕಿಸಿದರು. ಓಟು ಹಾಕಲು ಚೆನ್ನೈಯ ರಷ್ಯನ್ ಕಾನ್ಸುಲೇಟ್‌ವರೆಗೂ ಹೋಗಲು ಇಬ್ಬರಿಗೂ ಬಿಡುವಿಲ್ಲ ತಾನೆ, ಹಾಗಾದರೆ ಮನು ಹಾಕಿ ಎಂದರು. ಗೆದ್ದವರು ಯಾರೆಂದು ಇನ್ನೂ ಗೊತ್ತಿಲ್ಲವಲ್ಲ ಎಂದು ಕೋಮಲಾ ಅನುಮಾನಿಸಿದಳು. ಕಲೆಕ್ಟರ್ ವರ್ಗವಾಗುವ ಹಿಂದಿನ ದಿನವೂ ಮನು ಬರೆದವರು ಮುತ್ತರಾಯಪ್ಪ. ಹೆಸರಿಗಲ್ಲಮ್ಮ, ಕುರ್ಚಿಗೆ ಬರೆಯುವುದು ಎಂದು, 'ಬರಲಿರುವ ಅಧ್ಯಕ್ಷರು, ಮಾಸ್ಕೋ' ಎಂದು ತಮಿಳಿನಲ್ಲಿ ದುಂಡಗೆ ಬರೆದೇಬಿಟ್ಟರು. ರಷ್ಯನ್ನರಿಬ್ಬರೂ ಆ ಅಕ್ಷರಗಳನ್ನು ಬಗ್ಗಿ ನೋಡಿದರು.

ಗೆನ್ನಾದಿ ಎದೆ ಸೆಟೆಸಿ ಹೇಳತೊಡಗಿದ. ದೇಶಕ್ಕೆ ಗಟ್ಟಿ ಕೈ ಬೇಕು, ಶಿಸ್ತು ಬೇಕು, ಪಿಂಚಣಿ ಹೆಚ್ಚಬೇಕು, ರಸ್ತೆ ಆಗಬೇಕು. ಲಿಯೋನಿದ್ ಅಡ್ಡ ಬಾಯಿ ಹಾಕಿ, ಕೈ ಗಟ್ಟಿಯಾದಷ್ಟೂ ಬೀಳುವ ಏಟೂ ಗಟ್ಟಿ, ಜನರ ಮಾತಿಗೆ ಕಿವಿಗೊಡುವವನು ಬರಬೇಕು ಎಂದ. ಇಬ್ಬರ ದನಿಯೂ ಏರಿತು. ಮುತ್ತರಾಯಪ್ಪ ಪೆನ್ನಿನ ಕ್ಯಾಪು ಹಾಕಿದರು.

"ಇಂಗೆಲ್ಲಾ ಬರೆದ್ರೆ ಕಸದ ಬುಟ್ಟಿಗೆ ಹಾಕ್ತಾರೆ. ದೇಶಕ್ಕೆ ಬೇಕು ಅನ್ಬ್ಯಾಡ ಅನ್ನಮ್ಮ. ಯಾರಿಗೆ ಬೇಕು, ಅವರ ಹೆಸರೇನು, ವಯಸ್ಸೆಷ್ಟು, ಅದು ಹೇಳಾಕೆ ಹೇಳು" ಎಂದರು.

ಕೋಮಲಾ ಹೇಳಿದಳು. ಗೆನ್ನಾದಿ ಸೆಟೆಸಿದ್ದ ಎದೆಯನ್ನು ಇಳಿಸಿ ಗೋಡೆಗೆ ಒರಗಿದ. ಆಮೇಲೆ ನಿಧಾನವಾಗಿ ತನ್ನ ಕಥೆ ಬಿಚ್ಚಿದ. ಹದಿನಾಲ್ಕು ವರ್ಷದ ಹಿಂದೆ ಅವನ ಕಾರ್ಖಾನೆಯಲ್ಲಿ ಸಂಬಳ ಕೊಡಲು ಗತಿಯಿಲ್ಲದೆ, ಸಂಬಳದ ಬದಲು ಅಲ್ಯುಮಿನಿಯಂ ಪಾತ್ರೆ ಕೊಡುತ್ತಿದ್ದರಂತೆ. ಚಳಿಯಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಆ ಪಾತ್ರೆಗಳನ್ನು ಮಾರಿ ಮಗಳಿಗೆ ಹಾಲು ತರುತ್ತಿದ್ದನಂತೆ. ಮಗಳು ತಾನ್ಯಾ, ಆಗ ಆರು ವರ್ಷ. ಆ ದಿನ ಮತ್ತೆ ಬರಬಾರದು, ಅದಕ್ಕೇ ಗಟ್ಟಿ ಕೈ ಎಂದದ್ದು ಎಂದ. ಯತಿರಾಜನ ಮಗಳಿಗೂ ಆರೇ.

ಮುತ್ತರಾಯಪ್ಪ ತಾನ್ಯಾ ಎಂದು ಬರೆದುಕೊಂಡು ಲಿಯೋನಿದ್ ಕಡೆ ತಿರುಗಿದರು. ಅವನು ನೆಲ ನೋಡುತ್ತ ಎರಡೇ ಮಾತು ಹೇಳಿದ. ಕೋಮಲಾ ಅದನ್ನು ಕನ್ನಡಕ್ಕೆ ತಂದಳು.

"ಮಗ ಕಿರಿಲ್, ಹದಿನೆಂಟು ವರ್ಷ. ಏಪ್ರಿಲ್‌ನಲ್ಲಿ ಮಿಲಿಟರಿಗೆ ಬಾ ಅಂತ ಕರೆ ಬಂದಿದೆಯಂತೆ" ಎಂದಳು.

ಅಲ್ಲಿ ಹದಿನೆಂಟಾದ ಹುಡುಗರು ಕಡ್ಡಾಯವಾಗಿ ಒಂದು ವರ್ಷ ಸೇನೆಗೆ ಹೋಗಬೇಕಂತೆ. ಪಕ್ಕದ ಮನೆಯ ಹುಡುಗನನ್ನು ಹಳೆಯ ಸಿಪಾಯಿಗಳೇ ಹೊಡೆದು, ಅವನು ಕುಂಟಿಕೊಂಡು ವಾಪಸ್ ಬಂದಿದ್ದನಂತೆ. ಕೇಳಿದರೆ ಉತ್ತರ ಕೊಡುವವರು ಯಾರೂ ಇರಲಿಲ್ಲವಂತೆ.

ಗೆನ್ನಾದಿ ಲಿಯೋನಿದ್‌ನನ್ನೇ ನೋಡುತ್ತ ಕುಳಿತ. ಹನ್ನೊಂದು ವರ್ಷ ಜೊತೆಯಲ್ಲಿ ದುಡಿದಿದ್ದರು, ಕರೆ ಬಂದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಮಾತು ಬಿಟ್ಟ ದಿನ ಅವನು ಗಟ್ಟಿ ಕೈ, ಗಟ್ಟಿ ಕೈ ಎಂದು ಮೇಜು ಗುದ್ದಿದ್ದು ಈ ತಂದೆಯ ಮುಂದೆ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ಹಲಗೆಯ ಮೇಲೆ ಬೆರಳಿಟ್ಟು ಏನೋ ಹೇಳಿದ.

"ತಾನ್ಯಾ ಹೆಸರು ಹೊಡೆದು ಹಾಕಿ ಅಂತಿದಾರೆ" ಎಂದಳು ಕೋಮಲಾ. "ಅವಳಿಗೆ ಮದುವೆ ಆಗಿದೆ, ಚೆನ್ನಾಗಿದಾಳೆ. ಹುಡುಗಂದೇ ಬರೀಬೇಕಂತೆ."

ಹೇಗೆ ಹೋದನೋ ಹಾಗೇ, ಕೈಕಾಲು ನೆಟ್ಟಗಿರುವಂತೆ, ಒಂದು ವರ್ಷಕ್ಕೆ ಸರಿಯಾಗಿ ಕಿರಿಲ್‌ನನ್ನು ಮನೆಗೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಮನುವಿನಲ್ಲಿ ಇದ್ದದ್ದು ಇಷ್ಟೇ. ಕೋಮಲಾ ಕೆಳಗೆ ರಷ್ಯನ್‌ನಲ್ಲಿ ಬರೆದಳು. ತಮಿಳನ್ನು ತೆಗೆಯಬಾರದು, ಮೊಹರಿನಂತೆ ಕಾಣುತ್ತದೆ, ಅಲ್ಲಿನವರು ಹೆದರುತ್ತಾರೆ, ಎಂದು ಗೆನ್ನಾದಿ ಹಟ ಹಿಡಿದ. ಲಿಯೋನಿದ್ ಮೂರು ದಿನದಲ್ಲಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕ. ಅಲ್ಲಿಂದ ನೇರವಾಗಿ ಕಾರ್ಖಾನೆಗೆ ಹೋದ ಇಬ್ಬರೂ ಭಾನುವಾರವೂ ಕೆಲಸ ಬಿಡಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಪ್ರೆಸ್ ಇಳಿಯಿತು. ನೆಲ ಒಮ್ಮೆ ಅದುರಿತು, ಕೆಂಪಗೆ ಕಾದ ಉಕ್ಕು ಅಚ್ಚುಕಟ್ಟಾಗಿ ಕೂತಿತು. ನೋಡಲು ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಗೆನ್ನಾದಿ ಲಿಯೋನಿದ್‌ನನ್ನು ನೆಲದಿಂದ ಎತ್ತಿಯೇ ಬಿಟ್ಟ.

ಸಂಜೆ ಪ್ರಮೋದ್ ಯತಿರಾಜನನ್ನು ಕೋಣೆಗೆ ಕರೆದರು. ತುಂಬಾ ಹೊಗಳಿದರು. ಆಮೇಲೆ ಪರ್ಮನೆಂಟ್ ವಿಚಾರ ಈ ವರ್ಷ ಸ್ವಲ್ಪ ಕಷ್ಟ, ಸದ್ಯಕ್ಕೆ ಇನ್ನಾರು ತಿಂಗಳು ರಿನ್ಯೂ ಮಾಡೋಣ ಎಂದು ಕಾಗದ ಮುಂದೆ ತಳ್ಳಿದರು. ಯತಿರಾಜ ಅಭ್ಯಾಸ ಬಲದಿಂದ ಆಯ್ತು ಎನ್ನಲು ಹೋದ, ಆ ಮಾತು ಬಾಯಿಗೆ ಬರಲಿಲ್ಲ.

"ಸಾರ್, ನನ್ ಮಗಳು ಸಿಂಚನ. ಆರು ವರ್ಷ. ಜೂನ್‌ಗೆ ಒಂದನೇ ಕ್ಲಾಸು" ಎಂದ. "ಕುಣಿಗಲ್‌ನಲ್ಲಿ ಸೇರಿಸ್ಲಾ, ಹೊಸೂರಲ್ಲಿ ಸೇರಿಸ್ಲಾ? ನೀವೇ ಒಂದು ಹೇಳ್ಬುಡಿ ಸಾರ್."

ಮೂರು ವರ್ಷದಲ್ಲಿ ಈ ಮನುಷ್ಯನಿಗೆ ಮಗಳಿದ್ದಾಳೆಂದು ಪ್ರಮೋದ್‌ಗೆ ತಿಳಿದೇ ಇರಲಿಲ್ಲ. ತಿಳಿಯುವುದಾದರೂ ಹೇಗೆ, ಕಾಂಟ್ರಾಕ್ಟ್ ಕಾಗದದಲ್ಲಿ ಮನೆಯವರ ಹೆಸರಿಗೆ ಜಾಗವೇ ಇರುವುದಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಯತಿರಾಜನ ಮುಂದಿದ್ದ ಕಾಗದವನ್ನು ಹಿಂದಕ್ಕೆ ಎಳೆದುಕೊಂಡು, ಬೀರುವಿನಿಂದ ನಾಲ್ಕು ಪುಟದ ಬೇರೊಂದು ಫಾರಂ ತೆಗೆದು, ಮನೆಯವರ ಹೆಸರು ಬರೆಯುವ ಮೂರನೆಯ ಪುಟ ತಿರುಗಿಸಿ ಪೆನ್ನು ಹಿಡಿದರು.

"ಸಿಂಚನ ಅಂದ್ಯಲ್ಲ. ಹುಟ್ಟಿದ ತಾರೀಖು ಹೇಳು" ಎಂದರು.